ಮಾಮಾ ಸಹಿ ಹಾಕದ ಫಿರ್ಯಾದು

ಮಾಮಾನ ಕುತ್ತಿಗೆಯ ಸುತ್ತ ಒಂದು ಕಪ್ಪು ಗೆರೆ ಇತ್ತು. ಶೇರವಾನಿಯ ಕಾಲರು ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಬಿದ್ದ ಗೆರೆ. ಕಾಲರಿನ ಹುಕ್ಕು ಕೂಡುವ ಗಂಟಲ ಗುಳಿಯ ಹತ್ತಿರ ಚರ್ಮ ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿತ್ತು. ಬೇಸಿಗೆಯಲ್ಲಿ ಕೋರ್ಟಿನಿಂದ ಬಂದು, ಶೇರವಾನಿ ಬಿಚ್ಚಿ ಗೂಟಕ್ಕೆ ತಗಲಿಸಿ, ಬರಿಮೈಯಲ್ಲಿ ಪಡಸಾಲೆಯ ಹಾಸುಗಲ್ಲಿನ ಮೇಲೆ ಕೂತರೆ, ಗೆರೆಯ ಮೇಲೆ ಬಿಸಿಲು ತಿಂದ ಮುಖ, ಗೆರೆಯ ಕೆಳಗೆ ಬಿಳಿ ಮೈ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಸಣ್ಣವಳಿದ್ದಾಗ ಒಮ್ಮೆ ಆ ಗೆರೆಯ ಮೇಲೆ ಬೆರಳಾಡಿಸಿ, ಇದೇನು ಮಾಮಾ ಎಂದು ಕೇಳಿದ್ದೆ.

"ಇದು ನಿಜಾಮ ಸರ್ಕಾರದ ಪಟ್ಟಾ, ಮಗಳ. ನಾಯಿ ಕೊರಳಿಗಿ ಕಟ್ತಾರಲ್ಲ, ಹಂಗ," ಎಂದು ನಕ್ಕಿದ್ದರು.

ಒಳಗಿನಿಂದ ಅತ್ತೆ, "ಮೆಲ್ಲಕ ಮಾತಾಡ್ರಿ, ಯಾರರ ಕೇಳಿಸಿಕೊಂಡಾರು," ಎಂದು ಗದರಿದ್ದರು.

ಮಾಮಾ ನನ್ನ ತಾಯಿಯ ಒಡಹುಟ್ಟಿದ ಅಣ್ಣ, ಬೀದರಿನಲ್ಲಿ ವಕೀಲರು. ಮುಂದೆ ಅವರ ಮಗನಿಗೇ ನನ್ನನ್ನು ಕೊಟ್ಟದ್ದರಿಂದ ನನಗೆ ಮಾವನೂ ಆದರು. ಆದರೆ ನನ್ನ ಬಾಯಲ್ಲಿ ಅವರು ಕೊನೆಯವರೆಗೂ ಮಾಮಾನೇ. ನನ್ನ ತವರು ಭಾಲ್ಕಿ. ಅವರ ಮೂಲ ಊರು ಔರಾದ ತಾಲ್ಲೂಕಿನ ಸಂತಪುರ. ಅಲ್ಲಿ ಒಂದಿಷ್ಟು ಹೊಲ, ಹಿರಿಯರ ಕಾಲದ ಮನೆ. ಸಂಸಾರವೆಲ್ಲ ಬೀದರಿನಲ್ಲಿ, ಊರ ನಡುವಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ.

ಅಂಥ ಸಂಸಾರವಂದಿಗನನ್ನು ನಾನು ಮತ್ತೆ ನೋಡಲಿಲ್ಲ. ಆ ಕಾಲದ ಗಂಡಸರು ಮನೆಗೆ ಬಂದರೆ ಕೆಮ್ಮಿ ಒಳಗೆ ಬರುತ್ತಿದ್ದರು, ಹೆಂಗಸರು ಮಕ್ಕಳು ಮೂಲೆ ಸೇರಬೇಕು. ಮಾಮಾ ಬಂದರೆ ಮನೆ ಎದ್ದು ಬಾಗಿಲಿಗೆ ಬರುತ್ತಿತ್ತು. ಭಾಲ್ಕಿಯ ಕೋರ್ಟಿನಲ್ಲಿ ಕೆಲಸ ಬಿದ್ದರೆ ಬೆಳಗಿನ ರೈಲಿಗೆ ಹೋಗಿ, ಕಕ್ಷಿದಾರರು ಕೈ ಹಿಡಿದು ಜಗ್ಗಿದರೂ ನಿಲ್ಲದೆ ಸಂಜೆಯ ರೈಲಿಗೆ ವಾಪಸ್ಸು. ಹಾಗೆ ಬಂದಾಗಲೆಲ್ಲ ನಮ್ಮಮ್ಮ ಕೊಟ್ಟ ಶೇಂಗಾದ ಹೋಳಿಗೆಯ ಗಂಟು ಕಂಕುಳಲ್ಲಿ ಇರುತ್ತಿತ್ತು. "ಮುಕದ್ದಮೆ ನಾಳೆನೂ ಇರ್ತದ. ಮಕ್ಕಳು ನಾಳೆ ಇಷ್ಟೇ ಸಣ್ಣವು ಇರಂಗಿಲ್ಲ," ಎನ್ನುತ್ತಿದ್ದರು. ಮಕ್ಕಳು ಎಂದರೆ ನಾವು ಸೋದರಿಕೆಯ ಹುಡುಗ ಹುಡುಗಿಯರು, ಓಣಿಯ ಮಕ್ಕಳು. ಅವರದೇ ಅಂತ ಇದ್ದದ್ದು ಒಬ್ಬ ಮಗ. ಅತ್ತೆಗೆ ಹುಟ್ಟಿದವು ಇನ್ನೂ ಇದ್ದವು, ಯಾವುದೂ ತೊಟ್ಟಿಲು ದಾಟಲಿಲ್ಲ. ಉಳಿದ ಒಬ್ಬನ ಹಿಂದೆ ಗಂಡ ಹೆಂಡತಿ ಇಬ್ಬರೂ ದೀಪಕ್ಕೆ ಕೈ ಅಡ್ಡ ಹಿಡಿದುಕೊಂಡ ಹಾಗೆ ಓಡಾಡುತ್ತಿದ್ದರು.

ಹೆಂಡತಿಯ ಮುಂದೆ ಮಾಮಾ ವಕೀಲಿಕೆ ಮಾಡುವುದನ್ನು ನೋಡಬೇಕಿತ್ತು. ಪಲ್ಲೆಗೆ ಉಪ್ಪು ಹೆಚ್ಚಾಗಿದ್ದರೆ ಎದ್ದು ನಿಂತು ಕೈಕಟ್ಟಿ, "ಹುಜೂರ್, ಗುಲಾಮಂದು ಒಂದು ಅರ್ಜಿ ಅದ," ಎನ್ನುವರು. ಅತ್ತೆ ನಗು ತಡೆದುಕೊಂಡು, "ಅರ್ಜಿ ಖಾರಿಜ್. ಸುಮ್ಮ ಉಣ್ರಿ," ಎನ್ನುವರು. ಅವರಿಬ್ಬರ ನಡುವೆ ಅಷ್ಟು ಮಾತು ಇತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ಅದೇ ಮನೆಯಲ್ಲಿ ಅದೇ ಇಬ್ಬರು ಹ್ಯಾಗೆ ಬದುಕಿದರು ಎನ್ನುವುದನ್ನು ನೋಡಿದವಳೂ ನಾನೇ.

ಆಗ ನಮ್ಮ ಕಡೆಯ ಕೋರ್ಟುಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. ರೈತ ತನ್ನ ಸಂಕಟ ಹೇಳುವುದು ಕನ್ನಡದಲ್ಲಿ, ವಕೀಲ ಬರೆಯುವುದು ಉರ್ದುವಿನಲ್ಲಿ. ತನ್ನ ಹೆಸರಿನಲ್ಲಿ ಏನು ಬರೆದಿದೆ ಎಂದು ಅವನಿಗೆ ಗೊತ್ತೇ ಇರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿ ಕೈಮುಗಿದು ಹೋಗುವುದು. ಮಾಮಾ ಮಾತ್ರ ಹಾಗೆ ಬಿಡುತ್ತಿರಲಿಲ್ಲ. ಅವರ ಮುನ್ಶಿ, ಅಂದರೆ ಬರೆಯುವ ಗುಮಾಸ್ತ, ಊರ ಹೊರಗಿನ ಚಿದ್ರಿಯಿಂದ ದಿನಾ ನಡೆದು ಬರುತ್ತಿದ್ದ ಮುಸಲ್ಮಾನ ಸಾಹೇಬರು, ಮುತ್ತು ಪೋಣಿಸಿದಂಥ ಅಕ್ಷರ. ಮುನ್ಶಿ ಸಾಹೇಬರು ಬರೆದು ಮುಗಿಸಿದ ಮೇಲೆ ಮಾಮಾ ಕಕ್ಷಿದಾರನನ್ನು ಎದುರಿಗೆ ಕೂರಿಸಿಕೊಂಡು, ಉರ್ದುವಿನ ಒಂದೊಂದೇ ಸಾಲು ಎತ್ತಿ ಅವನ ಮನೆಮಾತಿನಲ್ಲಿ ಓದಿ ಹೇಳುವರು. ಒಂದೊಂದು ಸಾಲಿಗೂ ಅವನು "ಹೌದ್ರಿ" ಎನ್ನಬೇಕು. ಎಲ್ಲ ಸಾಲಿಗೂ ಹೌದು ಬಿದ್ದರೆ ಮಾತ್ರ ಮಾಮಾನ ಸಹಿ. ಗಡಿಬಿಡಿಯಲ್ಲಿ ಹೌದ್ರಿ ಹೌದ್ರಿ ಎಂದು ತಲೆ ಹಾಕಿದರೆ ಕನ್ನಡಕದ ಮೇಲಿನಿಂದ ನೋಡಿ, "ನೀ ನನಗ ಹೌದು ಅಂತೀಯೋ, ಮಾತಿಗಿ ಹೌದು ಅಂತೀಯೋ?" ಎಂದು ಕೇಳುವರು.

ಒಮ್ಮೆ ಔರಾದ ಕಡೆಯ ಒಬ್ಬ ಗೌಡರು ಬಾವಿಯ ಜಗಳ ತಂದಿದ್ದರು. ಓದುತ್ತಾ ಓದುತ್ತಾ "ಈ ಬಾವಿ ನಮ್ಮಪ್ಪ ತೋಡಿಸಿದ್ದು" ಎನ್ನುವ ಸಾಲು ಬಂತು. ಗೌಡರು ಮೀಸೆ ತಿರುವಿದರು, ಸೂರು ನೋಡಿದರು, ಹೌದು ಎನ್ನಲಿಲ್ಲ. ಮಾಮಾ ಕಾಯ್ದರು. ಕಡೆಗೆ ಗೌಡರು, "ಖರೇ ಅಂದ್ರ, ನಮ್ಮ ಕಾಕಾ ತೋಡಿಸ್ಯಾರ್ರಿ," ಎಂದರು. ಮಾಮಾ ಅರ್ಜಿ ಹರಿದು ಮುನ್ಶಿ ಸಾಹೇಬರ ಕಡೆ ನೋಡಿ, "ಮೊದಲಿಂದ ಬರೀರಿ," ಎಂದರು. ಗೌಡರು ಮರುದಿನವೇ ಬೇರೆ ವಕೀಲರನ್ನು ಹಿಡಿದರು. ಅತ್ತೆ, "ಹಿಂಗೇ ಮಾಡ್ರಿ, ಒಬ್ಬರೂ ಮನಿ ಹೊಸ್ತಿಲ ತುಳಿಯಂಗಿಲ್ಲ," ಎಂದು ಸೊಸೆಯಾದ ನನ್ನ ಮುಂದೆ ಗೊಣಗಿದರು. ಆಗ ನನಗೂ ನಗು ಬಂದಿತ್ತು.

ಮುನ್ಶಿ ಸಾಹೇಬರಿಗೂ ಒಬ್ಬ ಮಗ, ನಮ್ಮವರ, ಅಂದರೆ ನನ್ನ ಗಂಡನ, ವಯಸ್ಸಿನವನೇ. ಇಬ್ಬರೂ ಮಾಮಾನ ಪಡಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಉರ್ದುವಿನ ಅಲಿಫ್ ಬೇ ತಿದ್ದಿದವರು. ಒಬ್ಬ ವಕೀಲನಾಗಬೇಕು, ಇನ್ನೊಬ್ಬ ಅವನ ಮುನ್ಶಿಯಾಗಬೇಕು ಎಂದು ದೊಡ್ಡವರಿಬ್ಬರೂ ಆಗಲೇ ನಿರ್ಧಾರ ಮಾಡಿಬಿಟ್ಟಿದ್ದರು. ಊಟಕ್ಕೆ ಅವನ ತಾಟು ಮಾತ್ರ ಬೇರೆ, ಪಡಸಾಲೆಯ ಗೂಡಿನಲ್ಲಿ ಇರುತ್ತಿತ್ತು. ಅದನ್ನು ಮುಚ್ಚಿಡುವುದೇನು, ಆಗ ಎಲ್ಲರ ಮನೆಯಲ್ಲೂ ಹಾಗೇ ಇತ್ತು. ಅವನೂ ಉಂಡು, ತಾನೇ ತೊಳೆದು, ತಾನೇ ಗೂಡಿನಲ್ಲಿ ಇಡುತ್ತಿದ್ದ.

ನನ್ನ ಮದುವೆಯಾಗಿ ಇನ್ನೂ ಅರಿಷಿಣದ ಬಣ್ಣ ಹೋಗಿರಲಿಲ್ಲ ಎನ್ನುವಷ್ಟರಲ್ಲಿ ದೇಶದಲ್ಲಿ ಸ್ವಾತಂತ್ರ್ಯ ಬಂತು. ನಮಗೆ ಬರಲಿಲ್ಲ. ನಾವು ನಿಜಾಮನ ಹೈದರಾಬಾದ್ ಸಂಸ್ಥಾನದವರು. ಮುಂದಿನ ಒಂದು ವರ್ಷ ನಿಜಾಮನ ಪರ ಹತಾರ ಹಿಡಿದ ರಜಾಕಾರರ ಹೆದರಿಕೆಯಲ್ಲಿ ಕಳೆಯಿತು. ಹೆಂಗಸರು ಬಾವಿಗೆ ಹೋಗಲಿಕ್ಕೂ ಹೆದರುವ ಕಾಲ. ಬೀದರಿನಲ್ಲಿ ಇರುವುದು ಬೇಡ ಎಂದು ಮಾಮಾ ನನ್ನನ್ನೂ ಅತ್ತೆಯನ್ನೂ ಸಂತಪುರದ ಮನೆಗೆ ಕಳಿಸಿದರು. ಆಮೇಲೆ ಹಿಂದುಸ್ತಾನದ ಫೌಜು ಬಂತು. ಪೊಲೀಸ್ ಆ್ಯಕ್ಷನ್ ಎಂದು ಅದಕ್ಕೆ ಹೆಸರು. ನಾಲ್ಕಾರು ದಿನದಲ್ಲಿ ನಿಜಾಮನ ರಾಜ್ಯ ಮುಗಿಯಿತು. ಊರೂರಲ್ಲಿ ಬಾವುಟ ಹಾರಿದವು, ಪೇಢೆ ಹಂಚಿದರು. ಹೆದರಿಕೆ ಮಾತ್ರ ಎಲ್ಲೂ ಹೋಗಲಿಲ್ಲ, ಮನೆ ಬದಲಿಸಿತು ಅಷ್ಟೇ. ನಿನ್ನೆಯವರೆಗೆ ನಾವು ಬಾಗಿಲು ಹಾಕಿಕೊಂಡಿದ್ದೆವು, ಇವತ್ತು ಸಾಬರ ಓಣಿಗಳು ಬಾಗಿಲು ಹಾಕಿಕೊಂಡವು. ಬಾಗಿಲು ಹಾಕಿಕೊಂಡರೂ ಉಳಿಯಲಿಲ್ಲ. ಬಾವಿ ಕೆರೆಗಳಲ್ಲಿ ತೇಲಿದ ಹೆಣಗಳ ಸುದ್ದಿ ಈಗ ನಾನು ಹೇಳಲಾರೆ.

ಮಾಮಾಗೆ ಕಾನೂನಿನ ಮೇಲೆ ಇದ್ದ ನಂಬಿಕೆಯನ್ನು ಏನೆಂದು ಕರೆಯಬೇಕೋ ನನಗೆ ತಿಳಿಯುವುದಿಲ್ಲ. ಭೋಳೇತನ ಎಂದರೆ ಸಿಟ್ಟಿನ ಮಾತಾಗುತ್ತದೆ, ಆದರೆ ಸಿಟ್ಟು ನನಗೆ ಇದೆ. ಔರಾದಿನ ಕೋರ್ಟಿನಲ್ಲಿ ಒಂದು ಹೊಲದ ಮುಕದ್ದಮೆಯ ಪೇಶಿ, ಅಂದರೆ ವಿಚಾರಣೆ, ಆ ವಾರಕ್ಕೆ ಹಾಕಿತ್ತು, ನಿಜಾಮನ ಕಾಲದಲ್ಲೇ ಹಾಕಿದ ತಾರೀಖು. ನಮ್ಮವರಿಗೆ ಆಗಷ್ಟೇ ವಕೀಲಿಕೆಯ ಸನದು ಸಿಕ್ಕಿತ್ತು. ಕೋರ್ಟು ತೆರೆದಿದೆಯೋ ಇಲ್ಲವೋ ದೇವರಿಗೇ ಗೊತ್ತು, ಆದರೆ ಮಾಮಾ ಮಗನಿಗೆ, "ಸರ್ಕಾರ ಬದಲಾಗ್ಯಾದ, ಅದಾಲತ್ ಬದಲಾಗಂಗಿಲ್ಲ. ಹಾಕಿದ ಪೇಶಿಗಿ ವಕೀಲ ಹಾಜರ್ ಇರಬೇಕು. ಹೋಗು. ವಕೀಲ ಹೋಗೋ ಹಂಗ ಹೋಗು," ಎಂದಿದ್ದರು. ವಕೀಲ ಹೋಗುವ ಹಾಗೆ ಎಂದರೆ ಆಗ ಒಂದೇ ಅರ್ಥ: ಕೊರಳ ತನಕ ಗುಂಡಿ ಹಾಕಿದ ಕರಿ ಶೇರವಾನಿ, ತಲೆಗೆ ಕೆಂಪು ರೂಮಿ ಟೊಪ್ಪಿಗೆ. ಸಂಸ್ಥಾನದಲ್ಲಿ ವಕೀಲ ಯಾವ ಜಾತಿಯವನಾದರೂ ಉಡುಪು ಅದೇ. ಬರುವಾಗ ಸಂತಪುರದಿಂದ ನಮ್ಮನ್ನೂ ಕರೆದುಕೊಂಡು ಬಾ ಎಂದು ಹೇಳಿ, ಜೊತೆಗೆ ಮುನ್ಶಿ ಸಾಹೇಬರ ಮಗನನ್ನು ಕಳಿಸಿದ್ದರು.

ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲೇ ಸಂತಪುರ. ಇಬ್ಬರೂ ಗಾಡಿಯಿಂದ ಇಳಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಮುನ್ಶಿ ಸಾಹೇಬರ ಮಗ ಧೋತರ ಉಟ್ಟಿದ್ದ, ಅವನ ತಾಯಿ ಹೆದರಿ ಉಡಿಸಿ ಕಳಿಸಿದ್ದಳು. ನಮ್ಮವರು ಮಾತ್ರ ದರಬಾರಿಗೆ ಹೊರಟವರ ಹಾಗೆ.

"ಆ ಟೊಪಗಿ ತೆಗೀರಿ. ರುಮಾಲು ಕೊಡ್ತೇನಿ, ಸುತ್ತಿಕೊಳ್ರಿ," ಎಂದೆ ನಾನು.

"ರುಮಾಲು ಸುತ್ತಿಕೊಂಡು ಕೋರ್ಟಿನಾಗ ಹಾಕಿಮರ ಮುಂದ ನಿಂತ್ರ ಅಪ್ಪ ನನ್ನ ಮನಿ ಒಳಗ ಬಿಟ್ಕೋತಾರೇನು?" ಎಂದರು ನಮ್ಮವರು.

ಮುನ್ಶಿ ಸಾಹೇಬರ ಮಗ, "ಇರ್ಲಿ ಬಿಡ್ರಿ ಭಾಭಿ. ಟೊಪಗಿ ಅವಗ ಛಂದ ಕಾಣ್ತದ, ನಿಮಗ ಹೊಟ್ಟಿಕಿಚ್ಚು," ಎಂದು ಚೇಷ್ಟೆ ಮಾಡಿದ.

ಸಂತಪುರದ ಮನೆಯಲ್ಲಿ ಅವನಿಗೆಂದು ಬೇರೆ ತಾಟು ಇರಲಿಲ್ಲ. ಅತ್ತೆ ಹಿತ್ತಿಲಲ್ಲಿದ್ದರು, ಕೇಳಲಿಲ್ಲ. ನಾನು ಒಂದೇ ಥರದ ಎರಡು ಹಿತ್ತಾಳೆ ತಾಟು ಒಂದರ ಪಕ್ಕ ಒಂದು ಇಟ್ಟು, ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದೆ. ಉಂಡು ಗಾಡಿ ಹತ್ತಿದರು. ಸಂಜೆಯೊಳಗೆ ಗಂಟು ಕಟ್ಟಿಕೊಂಡು ತಯಾರಿರು ಎಂದು ಹೇಳಿ ಹೋದರು.

ಮಧ್ಯಾಹ್ನ ಗಾಡಿ ಹೊಡೆಯುವವನು ಒಬ್ಬನೇ ಬಂದ. ಅಂಗಳದಲ್ಲಿ ಕುಸಿದು ಕೂತು ಅವನು ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ, ಪ್ರತಿ ಸಲವೂ ಅದೇ ಮಾತು. ಔರಾದ ಇನ್ನು ಸ್ವಲ್ಪ ದೂರ ಇರುವಾಗ ಕೊಡಲಿ ಬಡಿಗೆ ಹಿಡಿದ ಗುಂಪು ಗಾಡಿ ತಡೆಯಿತು. ಶೇರವಾನಿ ಟೊಪ್ಪಿಗೆ ನೋಡಿ, ನಿಜಾಮನ ಸಾಬ ಸಿಕ್ಕ ಎಂದು ನಮ್ಮವರನ್ನು ಕೆಳಗೆ ಎಳೆದರು. ಧೋತರದವನಿಗೆ, ನೀನು ಹೋಗಪ್ಪಾ ಎಂದರು. ಅವನು ಹೋಗಲಿಲ್ಲ.

"ಸಾಬ್ರ ಹುಡುಗ ನಡುವ ನಿಂತು ಹೇಳ್ದ್ರಿ," ಎಂದ ಗಾಡಿಯವನು. "ಇವ ಲಿಂಗವಂತ ಅದಾನ, ಬೀದರ ವಕೀಲರ ಮಗ. ಮುಸಲ್ಮಾನ ನಾ ಅದೀನಿ, ಇವಗ ಬಿಡ್ರಿ ಅಂದ. ನಮ್ಮ ಧಣಿಗಿನೂ ಹೇಳ್ದ, ಗುಂಡಿ ಬಿಚ್ಚು, ಲಿಂಗ ತೋರ್ಸು ಅಂತ. ಧಣಿ ಕೈ ಎತ್ತಿದ್ರು. ಕೊರಳ ಹುಕ್ಕಿನ ತನಕ ತಂದ್ರು. ಸಾಬ್ರ ಹುಡುಗನ ಮಾರಿ ನೋಡಿದ್ರು. ಮತ್ತ ಕೈ ಇಳಿಸಿದ್ರು. ಯಾಕ ಇಳಿಸಿದ್ರೋ ನನಗ ತಿಳಿಲಿಲ್ರೀ ಯವ್ವಾ."

ಇಬ್ಬರನ್ನೂ ಅಲ್ಲೇ ಕಡಿದು ಹಾಕಿದರು. ಮೈಮೇಲಿನ ಶೇರವಾನಿ ಹರಿದಾಗಲೇ ಕರಡಿಗೆ ಕಂಡದ್ದು, ಕಂಡ ಮೇಲೆ ಗುಂಪು ಓಡಿಹೋಯಿತಂತೆ.

ಮಾಮಾ ಸಂತಪುರಕ್ಕೆ ಬಂದಾಗ ಸುತ್ತಲಿನ ಊರುಗಳ ಹಿರಿಯರು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. ಒಬ್ಬರು ಮುಂದೆ ಬಂದು, "ನಮ್ಮ ಹುಡುಗ್ರಿಂದ ಭಾಳ ದೊಡ್ಡ ತಪ್ಪಾಗ್ಯಾದ್ರಿ ವಕೀಲ ಸಾಹೇಬ್ರ. ನಿಮ್ಮ ಮಗ ಅಂತ ಗುರ್ತ ಸಿಗಲಿಲ್ಲ," ಎಂದರು.

ಮಾಮಾ ಕೇಳಿದರು, "ಮುನ್ಶಿ ಸಾಹೇಬರ ಮಗಂದು?"

ಹಿಂದೆ ನಿಂತವರು ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಅವನ ಗುರ್ತ ಸಿಕ್ಕಿತ್ತಲ್ಲ. ಅದು ತಪ್ಪಲ್ಲೇನು?"

"ಅದು ಆ ಹೊತ್ತಿನ ಮಾತ್ರಿ," ಎಂದು ಆ ಹಿರಿಯರು ನೆಲ ನೋಡಿದರು.

ನಮ್ಮವರನ್ನು ಸಂತಪುರದ ಹೊಲದಲ್ಲಿ ಮಣ್ಣು ಮಾಡಿದೆವು. ಮುನ್ಶಿ ಸಾಹೇಬರ ಮಗನನ್ನು ಮಾಮಾ ಅದೇ ಗಾಡಿಯಲ್ಲಿ, ಮೇಲೆ ಹಸಿ ಮೇವು ಹೊದಿಸಿ, ತಾವೇ ಮುಂದೆ ಕೂತು ಚಿದ್ರಿಗೆ ಒಯ್ದರು. ತಮ್ಮ ಮಗನ ಗುಂಡಿಯ ಮಣ್ಣು ಇನ್ನೂ ಹಸಿ ಇತ್ತು. ಅತ್ತೆ ಆಗ ತಡೆಯಲಿಲ್ಲ. ಅವರಿಗೆ ಆಗ ಯಾವುದರ ಪ್ರಜ್ಞೆಯೂ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ ಬೀದರಿಗೆ ಹೊರಗಿನ ಪ್ರಾಂತದಿಂದ ಹೊಸ ಅಧಿಕಾರಿಯೊಬ್ಬರು ಬಂದರು. ಒಳ್ಳೆಯ ಮನುಷ್ಯನೇ. ಸುದ್ದಿ ಕೇಳಿ ತಾವೇ ನಮ್ಮ ಮನೆಗೆ ಬಂದು ಕೂತು, ಮರುಗಿದರು. ಗಾಡಿಯವನು ಹೆಸರು ಹೇಳಲಿಕ್ಕೆ ತಯಾರಿದ್ದಾನೆ, ನೀವು ಫಿರ್ಯಾದು ಕೊಡಿ, ಈ ವಾರದಲ್ಲೇ ಹಿಡಿಸುತ್ತೇನೆ ಎಂದರು. ಒಂದೇ ಒಂದು ಮಾತು: ಫಿರ್ಯಾದಿನಲ್ಲಿ ನಿಮ್ಮ ಮಗನ ಹೆಸರು ಮಾತ್ರ ಇರಲಿ. ನಿಮ್ಮ ಮಗನದು ಗುರುತು ತಪ್ಪಿ ಆದ ಕೊಲೆ, ಅದಕ್ಕೆ ಯಾರೂ ಅಡ್ಡ ಬರುವುದಿಲ್ಲ. ಇನ್ನೊಬ್ಬನನ್ನು ಸೇರಿಸಿದರೆ ಇದು ಆ ದಿನಗಳ ಗಲಭೆಯ ಕಡತಕ್ಕೆ ಹೋಗುತ್ತದೆ. ಆ ಕಡತವನ್ನು ತೆಗೆಯುವವರು ಇಲ್ಲ, ನನ್ನ ಕೈಯಲ್ಲೂ ಆಗುವುದಿಲ್ಲ. ಹೀಗೆ ಹೇಳಿ, ತಮ್ಮ ಕಚೇರಿಯಲ್ಲೇ ಬರೆಸಿದ ಫಿರ್ಯಾದನ್ನು ಬಿಟ್ಟು ಹೋದರು.

ಆ ಬೆಳಗು ಪಡಸಾಲೆಯಲ್ಲಿ ಇದ್ದದ್ದು ನಾವು ನಾಲ್ವರೇ. ಮಾಮಾ, ಅತ್ತೆ, ನಾನು, ಬಾಗಿಲ ಹತ್ತಿರ ಮುನ್ಶಿ ಸಾಹೇಬರು. ಅತ್ತೆ ಶಾಯಿ ದೌತಿಯನ್ನು ತಾವೇ ತಂದು ಮಾಮಾನ ಮುಂದೆ ಇಟ್ಟರು. ಎಷ್ಟೋ ದಿನಗಳ ಮೇಲೆ ಅವರು ತಲೆ ಬಾಚಿಕೊಂಡಿದ್ದರು. ನನ್ನ ಮನಸ್ಸೂ ಅದೇ ಕಾಗದದ ಮೇಲೆ ಇತ್ತು. ಸುಳ್ಳು ಯಾಕೆ ಹೇಳಲಿ, ನಮ್ಮವರನ್ನು ಕಡಿದವರು ಬೇಡಿ ಹಾಕಿಕೊಂಡು ಚೌಬಾರಾದ ಮುಂದೆ ನಡೆದು ಹೋಗುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಬದುಕಲಿಕ್ಕೆ ನನಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

"ಒಂದು ಮಾತು ವಕೀಲ್ ಸಾಬ್," ಎಂದರು ಮುನ್ಶಿ ಸಾಹೇಬರು. "ದಸ್ತಖತ್ ಮಾಡಿಬಿಡ್ರಿ. ಒಬ್ಬನಿಗರೆ ನ್ಯಾಯ ಸಿಗಲಿ. ನನ್ನ ಮಗಂದು ಖುದಾ ನೋಡ್ಕೋತಾನ."

"ಅವರೇ ಹೇಳ್ತಾರಲ್ರಿ," ಎಂದರು ಅತ್ತೆ. "ಇನ್ನೇನು ಬೇಕು?"

ಮಾಮಾ ಕನ್ನಡಕ ಹಾಕಿಕೊಂಡರು. ಅವರ ಪದ್ಧತಿ ಅವರು ಬಿಡಲಿಲ್ಲ. ಬೇರೆಯವರು ಬರೆದ ಫಿರ್ಯಾದು, ಅದರಲ್ಲಿ ಸಾಕ್ಷಿ ಎಂದು ನನ್ನ ಹೆಸರು ಇತ್ತು. ಉರ್ದುವಿನ ಒಂದೊಂದೇ ಸಾಲನ್ನು ಕನ್ನಡ ಮಾಡಿ ನನಗೆ ಓದಿ ಹೇಳತೊಡಗಿದರು. ಇಂಥವರ ಮಗ, ಇಂಥ ವಯಸ್ಸು. ಹೌದು ಎಂದೆ. ರಾತ್ರಿ ಬೀದರ ಬಿಟ್ಟು ಬೆಳಗ್ಗೆ ಸಂತಪುರಕ್ಕೆ ಬಂದ. ಹೌದು. ಸಂತಪುರದ ತನ್ನ ಮನೆಯಲ್ಲಿ ಹೆಂಡತಿಯ ಕೈಯಿಂದ ಊಟ ಮಾಡಿದ. ಹೌದು.

"ಅಲ್ಲಿಂದ ಗಾಡಿ ಹೊಡೆಯುವವನ ಹೊರತು ಬ್ಯಾರೆ ಯಾರೂ ಇಲ್ಲದಂಗ, ಒಬ್ಬನೇ ಔರಾದ ಕಡಿ ಹೊಂಟ," ಎಂದು ಓದಿ ಮಾಮಾ ನನ್ನ ಕಡೆ ನೋಡಿದರು.

ನಾನು ಶಾಯಿ ದೌತಿಯ ಕಡೆ ನೋಡಿದೆ.

ಅತ್ತೆ ಮೊಣಕಾಲಿನ ಮೇಲೆ ಸರಿದು ಬಂದು ನನ್ನ ಕೈ ಹಿಡಿದರು. "ಹೌದು ಅನ್ನು, ಯವ್ವಾ. ಒಂದು ಮಾತು. ಹೌದು ಅನ್ನು."

ಅನ್ನುವವಳಿದ್ದೆ. ಆಗ ಮಾಮಾ ಕನ್ನಡಕ ತೆಗೆದು, ಬಹಳ ಮೆತ್ತಗೆ ಕೇಳಿದರು, "ಮಗಳ, ಅವತ್ತು ಊಟಕ್ಕ ಎಷ್ಟು ತಾಟು ಇಟ್ಟಿದ್ದಿ?"

ಹಾಗೆ ಕೇಳಬಾರದಿತ್ತು. ಬೇರೆ ಏನಾದರೂ ಕೇಳಿದ್ದರೆ ನಾನು ಸುಳ್ಳು ಹೇಳಬಹುದಿತ್ತು. ತಾಟಿನ ಮಾತು ಕೇಳಿದ ಕೂಡಲೆ ಆ ಹುಡುಗ ಬಗ್ಗಿ, ನನ್ನದು ಯಾವುದು ಭಾಭಿ ಎನ್ನುವ ಹಾಗೆ ಎರಡೂ ತಾಟು ನೋಡಿದ್ದು ಕಣ್ಣಿಗೆ ಬಂತು.

"ಎರಡು," ಎಂದೆ.

ಮಾಮಾ ಕಾಗದ ಮಡಿಸಿದರು. ಮುನ್ಶಿ ಸಾಹೇಬರು ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದರು. ಅತ್ತೆ ನನ್ನ ಕೈ ಬಿಟ್ಟರು.

"ನನ್ನ ಮಗ ಕೊರಳ ತನಕ ಕೈ ಒಯ್ದು ಇಳಿಸ್ಯಾನ," ಎಂದರು ಮಾಮಾ. "ತನ್ನೊಬ್ಬನ ಜೀವ ಉಳಿಸಿಕೊಳ್ಳೋದು ಬ್ಯಾಡ ಅಂದಾನ. ಅದು ಅವನ ಬಯಾನ, ಅವನ ಹೇಳಿಕಿ. ಅವ ಕೊಟ್ಟ ಬಯಾನ ನಾ ಹ್ಯಾಂಗ ಬದಲಿ ಮಾಡ್ಲಿ?"

"ಬಯಾನಂತ," ಎಂದರು ಅತ್ತೆ. "ನಾ ಹಡದಾಕಿ. ನನಗ ಬಯಾನ ಬ್ಯಾಡ." ಅವರು ಎದ್ದು ಒಳಗೆ ಹೋದರು. ಗಂಡನ ಜೊತೆ ಅವರು ಆಡಿದ ಕೊನೆಯ ಮಾತು ಅದೇ.

ಮಾಮಾ ಎರಡು ಹೆಸರು ಬರೆದು ಬೇರೆ ಫಿರ್ಯಾದು ಕೊಟ್ಟರು. ಅಧಿಕಾರಿ ಹೇಳಿದ ಹಾಗೆಯೇ ಆಯಿತು. ಅದು ಆ ಕಡತಕ್ಕೆ ಹೋಯಿತು, ಆ ಕಡತ ಎಲ್ಲಿಗೆ ಹೋಯಿತೋ. ಆ ಅಧಿಕಾರಿ ವರ್ಗವಾಗಿ ಇನ್ನೊಬ್ಬರು ಬಂದರು. ಮಾಮಾ ಮತ್ತೆ ಬರೆದುಕೊಂಡು ಹೋದರು. ಅವರು ಕೂರಿಸಿ ಚಹಾ ಕೊಟ್ಟು ಕಳಿಸಿದರು. ಮುಂದಿನವರು ಚಹಾ ಕೂಡ ಕೊಡಲಿಲ್ಲ. ಕಡಿದವರು ಯಾರು ಎಂದು ಇಡೀ ಸೀಮೆಗೆ ಗೊತ್ತಿತ್ತು. ಅವರು ಔರಾದಿನ ಸಂತೆಯಲ್ಲಿ ಜೋಳ ಮಾರಿದರು, ಮಕ್ಕಳ ಮದುವೆ ಮಾಡಿದರು, ಮುಪ್ಪಾಗಿ ತಮ್ಮ ತಮ್ಮ ಮನೆಯಲ್ಲಿ ಸತ್ತರು.

ಅತ್ತೆ ಮಾಮಾನ ಅಡಿಗೆ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಪೂಜೆಗೆ ನೀರು ಇಡುತ್ತಿದ್ದರು. ಮಾತು ಮಾತ್ರ ಇಲ್ಲ. ಏನಾದರೂ ಹೇಳಬೇಕಾದರೆ ನನ್ನ ಮೂಲಕ, "ಬಿಸಿನೀರು ಕಾದಾವಂತ ಹೇಳು." ಮಾಮಾ ಭಾಲ್ಕಿಯಿಂದ ಬರುವಾಗ ಮೊದಲಿನ ಹಾಗೆಯೇ ಹೋಳಿಗೆ, ಮಲ್ಲಿಗೆ ತರುವರು, ಅಡಿಗೆಮನೆಯ ಹೊಸ್ತಿಲ ಮೇಲೆ ಇಟ್ಟು ಬರುವರು. ಹೂವು ಅಲ್ಲೇ ಬಾಡುತ್ತಿತ್ತು. ಒಂದು ದಿನ ಪಲ್ಲೆ ಉಪ್ಪಾಗಿತ್ತು. ಮಾಮಾ ಅಭ್ಯಾಸಬಲದಿಂದ ಎದ್ದು ನಿಂತು ಕೈಕಟ್ಟಿ, "ಹುಜೂರ್," ಎಂದರು. ಅತ್ತೆ ತಲೆ ಎತ್ತಲೇ ಇಲ್ಲ. ಮಾಮಾ ಕಟ್ಟಿದ ಕೈ ಬಿಚ್ಚಿ, ಕೂತು ಉಂಡರು. ಅವತ್ತು ನನಗೆ ಬಂದ ಅಳು ನಮ್ಮವರು ಸತ್ತಾಗಲೂ ಬಂದಿರಲಿಲ್ಲ.

ಮುನ್ಶಿ ಸಾಹೇಬರು ಇನ್ನೂ ಕೆಲವು ವರ್ಷ ಚಿದ್ರಿಯಿಂದ ಬರುತ್ತಲೇ ಇದ್ದರು. ಕೆಲಸ ಕಡಿಮೆಯಾಗಿತ್ತು. ಸಾಬರ ಪರ ನಿಂತ ವಕೀಲ ಎಂದು ನಮ್ಮ ಜನರೇ ಮಾಮಾನನ್ನು ಬಿಟ್ಟಿದ್ದರು, ಸಾಬರಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಇಬ್ಬರೂ ಪಡಸಾಲೆಯಲ್ಲಿ ಎದುರು ಬದುರು ಕೂತಿರುವರು. ಆಮೇಲೆ ಸಾಹೇಬರು ಹೈದರಾಬಾದಿನಲ್ಲಿದ್ದ ಮಗಳ ಮನೆಗೆ ಹೊರಟರು. ಹೋಗುವಾಗ ಮಾಮಾನ ಎರಡೂ ಕೈ ಹಿಡಿದು, "ಅವತ್ತು ದಸ್ತಖತ್ ಮಾಡಬೇಕಿತ್ರಿ ವಕೀಲ್ ಸಾಬ್. ನಿಮ್ಮ ಮನಿಯವರ ಮಾರಿ ನನಗ ನೋಡ್ಲಿಕ್ಕಾಗಲ್ಲ," ಎಂದರು. ಮಾಮಾ ಅವರ ಗಂಟು ಎತ್ತಿಕೊಂಡು ಓಣಿಯ ತುದಿಯ ತನಕ ಹೋದರು.

ನನ್ನ ಉಡಿಕೆಯ ಮಾತು ಎದ್ದಿತ್ತು. ನಮ್ಮಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವ ಪದ್ಧತಿ ಉಂಟು. ಮಾಮಾನೇ ವರ ನೋಡಿ ಬಂದು, "ನಿನ್ನ ಮನಸಿನಾಗ ಏನದ, ಎರಡೂ ಕಡಿ ಮಾತು ನೀನೇ ಹೇಳು, ನಾ ಕೇಳ್ತೇನಿ," ಎಂದರು. ನಾನು ಬೇಡ ಎಂದೆ. ಹಾಗಾದರೆ ಓದು ಎಂದರು. ಹಿರಿಯರೆಲ್ಲ ನಕ್ಕರು. ಕೂದಲು ನೆರೆಯುತ್ತಿದ್ದ ಆ ಮನುಷ್ಯ ಸೊಸೆಗೆ ಕಲಿಸಬೇಕೆಂದು ತಾನು ಮೊದಲು ಹೊಸ ಪಠ್ಯಪುಸ್ತಕದ ಕನ್ನಡ ಓದಿದರು. ಉರ್ದುವಿನಲ್ಲಿ ಪಂಡಿತರು, ಕನ್ನಡದ ಒತ್ತಕ್ಷರಕ್ಕೆ ಬೆವರುತ್ತಿದ್ದರು. ಹೈದರಾಬಾದ್ ಸಂಸ್ಥಾನ ಒಡೆದು ಬೀದರು ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿಗೆ ನಾನು ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಮ್ಮ ಆಗಿದ್ದೆ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವುದು. ನಾನು ಇಷ್ಟು ವರ್ಷ ನನ್ನ ಅನ್ನ ನಾನು ಉಂಡದ್ದು ಅವರಿಂದ. ಕೋರ್ಟಿನಲ್ಲಿ ಅವರ ಉರ್ದು ಆಗ ಯಾರಿಗೂ ಬೇಡವಾಗಿತ್ತು. ಆದರೂ ದಿನಾ ಹೋಗಿ ಬೇವಿನ ಮರದ ಕೆಳಗೆ ಕೂತು ಬರುತ್ತಿದ್ದರು.

ಒಂದು ಮಾತು ನನ್ನೊಳಗೆ ಕುದಿಯುತ್ತಲೇ ಇತ್ತು. ಅವರು ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ಕೇಳಿಯೇಬಿಟ್ಟೆ.

"ಮಾಮಾ, ಅವರು ಹೆದರಿ ಕೈ ಇಳಿಸಿದ್ರ? ಕೈ ನಡುಗಿ ಹುಕ್ಕು ಬಿಚ್ಚಲಿಕ್ಕ ಬರದಂಗ ಆಗಿದ್ರ? ಅವರಿಗಿ ಬದುಕೋ ಆಸೆ ಇತ್ತು. ಸಂಜೀಕ ತಯಾರಿರು ಅಂದಿದ್ರು ನನಗ. ಬಯಾನ ಅಂತ ನೀವು ಅಂದ್ಕೊಂಡ್ರಿ, ಅಷ್ಟೇ."

ಮಾಮಾ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ದಿನಾ ಅದನ್ನೇ ಕೇಳ್ಕೋತೇನಿ, ಮಗಳ," ಎಂದರು. "ಶೇರವಾನಿ ಹಾಕ್ಕೊಂಡು ಹೋಗು ಅಂದಾವ ನಾ. ಹೆದರಿದ್ದ ಅಂದ್ರ ಅವನ ಕೊಂದಾವ ನಾನೇ ಆಗ್ತೇನಿ. ಅದಕ್ಕ ಹೆದರಿರಲಿಲ್ಲ ಅಂತ ನಂಬಿದ್ದೀನೇನೋ. ನನಗ ಗೊತ್ತಿಲ್ಲ."

ಒಂದು ಮಾತಿಗೂ ಸಾಕ್ಷಿ ಇಲ್ಲದೆ ಸಹಿ ಹಾಕದ ಮನುಷ್ಯ ಹಾಗೆ ಹೇಳಿ ಕಣ್ಣು ಮುಚ್ಚಿಕೊಂಡರು. ಗಂಜಿ ತಣ್ಣಗಾಗಿತ್ತು, ಒಳಗೆ ಒಯ್ದೆ.

ಅದೇ ವಾರ ಹೋದರು. ಎರಡು ಹೆಸರಿನ ಫಿರ್ಯಾದಿಗೆ ಕೊನೆಯ ತನಕ ಒಂದು ಸಾಲಿನ ಉತ್ತರವೂ ಬರಲಿಲ್ಲ. ನಮ್ಮ ಪದ್ಧತಿಯಂತೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಕೋರ್ಟಿನವರು ಒಬ್ಬಿಬ್ಬರು ಬಂದಿದ್ದರು. ಅಷ್ಟು ಹೊತ್ತು ಒಳಗೇ ಇದ್ದ ಅತ್ತೆ ಹೊರಗೆ ಬಂದು, ಮಾಮಾನ ಎದುರಿಗೆ ಕೂತರು. ಅವರ ಮುಖವನ್ನು ಅಷ್ಟು ನೆಟ್ಟಗೆ ಅವರು ನೋಡಿ ಎಷ್ಟು ವರ್ಷವಾಗಿತ್ತೋ. ಈಗಲಾದರೂ ಗಂಡನ ಜೊತೆ ಒಂದು ಮಾತಾಡುತ್ತಾರೆ, ಅಳುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿ, ಬಿಸಿನೀರಿನ ಮಾತು ಹೇಳುವ ದನಿಯಲ್ಲೇ ಹೇಳಿದರು.

"ನಿನ್ನ ಮಾಮಾಗ ಕೇಳು. ಈಗರೆ ನನ್ನ ಮಗನ ಸಲುವಾಗಿ ಒಂದು ಸಹಿ ಹಾಕ್ತಾರೇನು ಅಂತ."